ಚೂರಿಗೆ ಕೊನೆಯ ಹದ: ನುಣುಪು ಸೆರಾಮಿಕ್ ಕಲ್ಲಿನಲ್ಲಿ ಸಾಣೆ ಹಿಡಿಯುವುದು ಹೇಗೆ?

ಚೂರಿ ಮೊಂಡಾದರೆ ಅಮ್ಮ ಖಾಲಿ ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕುತ್ತಿದ್ದರು. ಭರಣಿಯ ತಳದಲ್ಲಿ ಹೊಳಪು ಬಳಿಯದೆ ಬಿಟ್ಟ ಒರಟು ಉಂಗುರ ಇರುತ್ತದಲ್ಲ, ಅದರ ಮೇಲೆ ಎರಡೂ ಬದಿ ನಾಲ್ಕು ಸಲ ಎಳೆದರೆ ಬಸಳೆ ದಂಟು ಹೆಚ್ಚುವಷ್ಟು ಹರಿತ ಬರುತ್ತಿತ್ತು. ಈಗ ಸಿಗುವ ಸೆರಾಮಿಕ್ ಸಾಣೆಕಲ್ಲು ಆ ಉಂಗುರದ ಜಾತಿಯದೇ. ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಒತ್ತಿ, ಜೋರು ಬೆಂಕಿಯಲ್ಲಿ ಸುಟ್ಟು ಮಾಡುತ್ತಾರೆ. ಮಾಣಿಕ್ಯ, ನೀಲಮಣಿಗಳೂ ಇದೇ ವಸ್ತು. ಹಾಗಾಗಿ ಉಕ್ಕಿಗಿಂತ ಗಟ್ಟಿ, ಸವೆಯುವುದು ಬಹಳ ಕಡಿಮೆ. ನೀರಿನಲ್ಲಿ ನೆನೆಸಿಡುವ ಕೆಲಸವೂ ಇಲ್ಲ.

ಇದರಲ್ಲೇ ತೀರಾ ನುಣುಪಾದ ಬಗೆಯ ಕಲ್ಲನ್ನು ಮುಟ್ಟಿದರೆ ಊಟದ ತಟ್ಟೆ ಮುಟ್ಟಿದ ಹಾಗಿರುತ್ತದೆ. ಅದನ್ನು ತಂದ ಮೊದಲ ದಿನ ನಾನು ಮೊಂಡು ಚೂರಿಯನ್ನು ಒಂದು ಗಂಟೆ ಉಜ್ಜಿದೆ. ಟೊಮೆಟೊ ಸಿಪ್ಪೆ ಕೂಡ ಹರಿಯಲಿಲ್ಲ. ತಪ್ಪು ಕಲ್ಲಿನದ್ದಲ್ಲ. ಈ ಕಲ್ಲು ಉಕ್ಕನ್ನು ಸವೆಸಿ ತೆಗೆಯುವುದು ತೀರಾ ಕಡಿಮೆ. ಚೂರಿಯ ಬಾಯಿಗೆ ಆಕಾರ ಕೊಡುವುದು ಒರಟು ಕಲ್ಲಿನ ಕೆಲಸ, ಆ ಬಾಯನ್ನು ನಯ ಮಾಡುವುದು ಇದರ ಕೆಲಸ. ಆದ್ದರಿಂದ ಮೊಂಡು ಚೂರಿಯನ್ನು ಮೊದಲು 400 ಗ್ರಿಟ್ (ಇದು ಕಲ್ಲಿನ ಒರಟುತನದ ಅಂಕೆ, ಅಂಕೆ ಏರಿದಷ್ಟೂ ಕಲ್ಲು ನುಣುಪು), ಆಮೇಲೆ 1000 ಗ್ರಿಟ್ ಕಲ್ಲಿನಲ್ಲಿ ಮಸೆಯಿರಿ.

ಚೂರಿ ತಯಾರಾಗಿದೆಯಾ ಎಂದು ನೋಡಲು ಅದರ ಬಾಯನ್ನು ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿಯಿರಿ. ಮೊಂಡಾದ ಕಡೆ ಬೆಳಕು ಸಣ್ಣ ಬಿಳಿ ಗೆರೆಯಾಗಿ ಮಿನುಗುತ್ತದೆ. ಹರಿತವಾದ ಬಾಯಿಯಲ್ಲಿ ಏನೂ ಕಾಣುವುದಿಲ್ಲ, ಬೆಳಕು ನಿಲ್ಲಲು ಅಲ್ಲಿ ಜಾಗವೇ ಇರುವುದಿಲ್ಲ. ಒಂದು ಬಿಳಿ ಚುಕ್ಕೆ ಉಳಿದಿದ್ದರೂ 1000ದ ಕಲ್ಲಿಗೆ ವಾಪಸ್ ಹೋಗಿ.

ಇನ್ನು ಕೋನ. ಕಲಿಯುವವರು ಸೋಲುವುದು ಇಲ್ಲೇ. ಒದ್ದೆ ಬಟ್ಟೆಯ ಮೇಲೆ ಸೆರಾಮಿಕ್ ಕಲ್ಲನ್ನು ಜಾರದ ಹಾಗೆ ಇಡಿ. ಅಲಗು 4 ಸೆಂಟಿಮೀಟರ್ ಅಗಲವಿದ್ದರೆ, ಅದರ ಬೆನ್ನು ಕಲ್ಲಿನಿಂದ 1 ಸೆಂಟಿಮೀಟರ್ ಮೇಲಿದ್ದಾಗ ಕೋನ ಸುಮಾರು 15 ಡಿಗ್ರಿ. 20 ಡಿಗ್ರಿ ಬೇಕಾದರೆ 1.4 ಸೆಂಟಿಮೀಟರ್‌ವರೆಗೆ ಎತ್ತಿ. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಈ ಎತ್ತರವನ್ನು ಅಳೆದು, ಕೈಗೆ ಅಭ್ಯಾಸ ಮಾಡಿಸಬಹುದು. ಆಮೇಲೆ ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು, ಕಲ್ಲಿನ ಮೇಲೆ ಒಂದೇ ಸಲ ಎಳೆದು ನೋಡಿ. ಬಾಯಿಯ ತುದಿಯವರೆಗೂ ಶಾಯಿ ಹೋಗಿದ್ದರೆ ಕೋನ ಸರಿ. ತುದಿಯಲ್ಲಿ ಶಾಯಿ ಹಾಗೇ ಉಳಿದಿದ್ದರೆ ಬೆನ್ನನ್ನು ಸ್ವಲ್ಪ ಎತ್ತಬೇಕು. ಬರೀ ತುದಿಯಲ್ಲಷ್ಟೇ ಹೋಗಿದ್ದರೆ ಇಳಿಸಬೇಕು.

ಈಗ ಕಲ್ಲಿನಿಂದ ತೆಳುವಾದ ಪದರ ಸವರಿ ತೆಗೆಯುವವರ ಹಾಗೆ, ಬಾಯಿ ಮುಂದಾಗಿ ಚೂರಿಯನ್ನು ತಳ್ಳಿ. ಹಿಡಿಯ ಹತ್ತಿರ ಶುರುವಾದದ್ದು ಕಲ್ಲಿನ ಕೊನೆ ಬರುವಾಗ ಚೂರಿಯ ಮೊನೆಗೆ ಮುಗಿಯಲಿ. ಒಂದು ಬದಿ 10 ಸಲ, ಇನ್ನೊಂದು ಬದಿ 10 ಸಲ. ಆಮೇಲೆ ಐದೈದು. ಕೊನೆಗೆ ಆ ಬದಿ ಒಂದು, ಈ ಬದಿ ಒಂದು, ಹೀಗೆ ಹತ್ತು ಸುತ್ತು.

ಒತ್ತಬೇಡಿ. ಇದನ್ನು ನನಗೆ ಮನದಟ್ಟು ಮಾಡಿಸಿದವರು ಮಂಗಳೂರಿನ ಮೀನು ದಕ್ಕೆಯಲ್ಲಿ (ದೋಣಿಗಳು ಬಂದು ನಿಲ್ಲುವ ಕಟ್ಟೆ) ಅಂಜಲ್ ಮೀನು ತುಂಡು ಮಾಡಿಕೊಡುವ ಅಕ್ಕ. ಅವರ ಕಲ್ಲು ಬೇರೆ, ಸಾಮಾನ್ಯ ಮಸೆಗಲ್ಲು. ನಾನು ಕೇಳಿಕೊಂಡದ್ದಕ್ಕೆ ಒಮ್ಮೆ ಚೂರಿ ಕೈಗೆ ಕೊಟ್ಟರು. ನಾಲ್ಕು ಸಲ ಉಜ್ಜುವಷ್ಟರಲ್ಲಿ, "ಅಷ್ಟು ಒತ್ತುವುದು ಎಂತಕ್ಕೆ ಮಾರಾಯ್ರೆ, ಚೂರಿಗೇ ಭಾರ ಉಂಟಲ್ಲ" ಎಂದರು. ಸೆರಾಮಿಕ್ಕಿಗೆ ಈ ಮಾತು ಇನ್ನೂ ಜಾಸ್ತಿ ಸಲ್ಲುತ್ತದೆ. ಕಲ್ಲು ಒಂಚೂರೂ ಬಗ್ಗುವುದಿಲ್ಲ, ಒತ್ತಿದರೆ ತೆಳು ಬಾಯಿಯೇ ಮಡಚಿಕೊಳ್ಳುತ್ತದೆ. ಕೊನೆಯ ಸುತ್ತುಗಳಲ್ಲಿ ಚೂರಿಯ ಸ್ವಂತ ಭಾರವೇ ಸಾಕು. ಕಿವಿಗೊಟ್ಟರೆ ಗೊತ್ತಾಗುತ್ತದೆ: ಮೊದಲು ಕೆರೆಯುವ ಸದ್ದು, ಬರಬರುತ್ತಾ ಗಾಜಿನ ಮೇಲೆ ರೇಷ್ಮೆ ಎಳೆದಷ್ಟು ಮೆತ್ತಗೆ.

ಒಂದು ಬದಿ ಮಸೆದಾಗ ಇನ್ನೊಂದು ಬದಿಗೆ ಉಕ್ಕಿನ ಸಣ್ಣ ಮುಳ್ಳಂಚು ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಮೆಲ್ಲಗೆ ಸವರಿದರೆ ಬೆರಳಿಗೆ ತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಲೇಬೇಡಿ. ಈ ಮುಳ್ಳಂಚು ಉಳಿದಿದ್ದರೆ ಚೂರಿ ಮೊದಲ ದಿನ ಚೆನ್ನಾಗಿ ಕೊಯ್ದು ಮರುದಿನವೇ ಮೊಂಡಾಗುತ್ತದೆ. ಬದಿ ಬದಲಿಸುವ ಕೊನೆಯ ಸುತ್ತುಗಳು ಇರುವುದೇ ಅದನ್ನು ತೆಗೆಯಲು. ಪರೀಕ್ಷೆಗೆ ಪತ್ರಿಕೆಯ ಒಂದು ಹಾಳೆ ಸಾಕು. ಒಂದು ಕೈಯಲ್ಲಿ ತೂಗಿಹಿಡಿದು ಮೇಲಿನಿಂದ ಕೊಯ್ಯಿರಿ. ಎಲ್ಲಿ ಸಿಕ್ಕಿ ಹರಿಯುತ್ತದೋ ಅಲಗಿನ ಆ ಜಾಗದಲ್ಲಿ ಕೆಲಸ ಬಾಕಿ ಇದೆ.

ಎಲ್ಲ ಚೂರಿಗೂ ಇಷ್ಟು ನಯ ಬೇಕಾ? ಬೇಡ ಎನ್ನುತ್ತೇನೆ. ಟೊಮೆಟೊ ಸಿಪ್ಪೆಯನ್ನು ಹಿಡಿಯಲು ಬಾಯಿಯಲ್ಲಿ ಸ್ವಲ್ಪ ಒರಟು ಇದ್ದರೇ ಒಳ್ಳೆಯದು, ಅದಕ್ಕೆ 1000ದ ಕಲ್ಲೇ ಸಾಕು. ತೆಂಗಿನಕಾಯಿ ಒಡೆಯುವ ಕತ್ತಿಗಂತೂ ಇದು ಸುಮ್ನೆ ದಂಡ. ಆದರೆ ಅಂಜಲ್ ಮೀನನ್ನು ತೆಳ್ಳಗೆ ಕೊಯ್ಯಲು, ಈರುಳ್ಳಿಯನ್ನು ಕಾಗದದ ಹಾಗೆ ಹೆಚ್ಚಲು ಈ ಕಲ್ಲಿನ ಕೆಲಸ ಎದ್ದು ಕಾಣುತ್ತದೆ. ಮೀನಿನ ತುಂಡಿನ ಮೈ ಹರಿಯದೆ, ಒದ್ದೆ ಗಾಜಿನ ಹಾಗೆ ಹೊಳೆಯುತ್ತದೆ.

ಕೆಲಸ ಮುಗಿದಾಗ ಕಲ್ಲಿನ ಮೇಲೆ ಬೂದು ಗೆರೆಗಳು ಉಳಿಯುತ್ತವೆ. ಅದು ಚೂರಿಯಿಂದ ಬಂದ ಉಕ್ಕು. ಹಾಗೇ ಬಿಟ್ಟರೆ ಕಲ್ಲು ಕಟ್ಟಿಕೊಂಡು ಚೂರಿ ಜಾರುತ್ತದೆ. ಪಾತ್ರೆ ತೊಳೆಯುವ ಪುಡಿ ಹಾಕಿ, ಸ್ಕ್ರಬ್ಬರಿನಿಂದ ಉಜ್ಜಿ ತೊಳೆಯಿರಿ. ಎಣ್ಣೆ ಹಾಕುವುದು ಬೇಡ. ಕೈಜಾರಿ ನೆಲಕ್ಕೆ ಬಿದ್ದರೆ ಈ ಕಲ್ಲು ಒಡೆಯುತ್ತದೆ, ಜೋಪಾನ.

ಎಣ್ಣೆ ಬೇಕಾಗಿರುವುದು ಚೂರಿಗೆ. ಸ್ಟೇನ್‌ಲೆಸ್ ಸ್ಟೀಲಿನದ್ದಲ್ಲದ, ಹಳೇ ಕಾಲದ ಕಬ್ಬಿಣದ ಚೂರಿಯಾದರೆ ನಮ್ಮ ಕಡಲ ಗಾಳಿಗೆ, ತುಳುವರ ಆಟಿ ತಿಂಗಳ ಮಳೆಗೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ತುಕ್ಕು ಮೊದಲು ತಿನ್ನುವುದು ನೀವು ಕಷ್ಟಪಟ್ಟು ನಯ ಮಾಡಿದ ಆ ತೆಳು ಬಾಯನ್ನೇ. ಒರೆಸಿ ಒಣಗಿಸಿ, ಎರಡು ಹನಿ ತೆಂಗಿನೆಣ್ಣೆ ಸವರಿ, ಬೇರೆ ಚಮಚ ಸೌಟುಗಳಿಗೆ ತಾಗದ ಹಾಗೆ ಎತ್ತಿಡಿ.