ಕರೆಂಟ್ ಕಂಪನಿ ಬದಲಿಸುವ ಮುನ್ನ ಮೀಟರಿನ ಬಾಗಿಲು ತೆಗೆಯಿರಿ

ಊರಲ್ಲಿ ಈ ತಲೆಬಿಸಿ ಇಲ್ಲ. ಬೆಂಗಳೂರಾದರೆ ಬೆಸ್ಕಾಂ, ಹುಬ್ಬಳ್ಳಿಯಾದರೆ ಹೆಸ್ಕಾಂ, ಮುಗಿಯಿತು. ಬ್ರಿಟನ್ನಿಗೆ ಬಂದವರಿಗೆ ಕರೆಂಟ್ ಕಂಪನಿಯನ್ನೇ ಬದಲಿಸಬಹುದು ಎಂದು ತಿಳಿದ ಕೂಡಲೇ ಹುರುಪು ಬರುತ್ತದೆ. ಫೋನಿನಲ್ಲಿ ನಾಲ್ಕು ಗುಂಡಿ ಒತ್ತಿ ಬದಲಿಸಿಯೂ ಬಿಡುತ್ತಾರೆ. ಮಾಮೂಲಿ ಮೀಟರಾದರೆ ಅಷ್ಟೇ ಸಾಕು. ಆದರೆ ಮನೆ ಹಳೆಯ ಫ್ಲ್ಯಾಟ್, ಗ್ಯಾಸ್ ಇಲ್ಲ, ರಾತ್ರಿ ಇಟ್ಟಿಗೆ ಕಾಯಿಸಿಟ್ಟು ಹಗಲು ಶಾಖ ಬಿಡುವ ಸ್ಟೋರೇಜ್ ಹೀಟರ್ ಗೋಡೆಗಿದೆ ಎಂದಾದರೆ, ದಯವಿಟ್ಟು ಫೋನು ಕೆಳಗಿಡಿ. ಈ ಗಂಟು ಬಿಡಿಸಲು ನಾನು ಮೂರು ಮನೆಗಳಲ್ಲಿ ಕೂತಿದ್ದೇನೆ. ಅದರಲ್ಲಿ ಒಂದು ನನ್ನದೇ. (ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ. ಉತ್ತರ ಐರ್ಲೆಂಡಿನ ಲೆಕ್ಕ ಬೇರೆ.)

ಮೊದಲು, ಮನೆಯಲ್ಲಿರುವುದು ಯಾವ ಮೀಟರ್ ಎಂದು ನೋಡಿ. ಬಳಕೆಯ ಅಂಕಿ (ರೀಡಿಂಗ್) ಒಂದೇ ತೋರಿಸಿದರೆ ಮಾಮೂಲಿ, ಈ ಲೇಖನ ನಿಮಗಲ್ಲ. ಎರಡು ಅಂಕಿ ತೋರಿಸಿದರೆ ಬಹುಪಾಲು ಎಕಾನಮಿ 7. ರಾತ್ರಿ ಏಳು ಗಂಟೆ ಅಗ್ಗ, ಉಳಿದ ಹೊತ್ತು ದುಬಾರಿ. 1978ರಿಂದ ಇರುವ ಪದ್ಧತಿ. ಮೀಟರಿನ ಪಕ್ಕದಲ್ಲಿ ಇನ್ನೊಂದು ಡಬ್ಬಿ, ಅದರ ಮೇಲೆ ‘ರೇಡಿಯೋ ಟೆಲಿಸ್ವಿಚ್’ ಎಂದಿದ್ದರೆ ಅದು ಆರ್‌ಟಿಎಸ್, ರೇಡಿಯೋ ಸಂಕೇತ ಕೇಳಿ ಹೀಟರ್ ಹಾಕಿ ತೆಗೆಯುವ ಸ್ವಿಚ್ಚು. ಎರಡು ಮೀಟರುಗಳೇ ಇದ್ದರೆ ಬಿಲ್ಲಿನಲ್ಲಿ ಎರಡು ಎಂಪ್ಯಾನ್ ನಂಬರ್ ಇವೆಯೇ ಹುಡುಕಿ. ಎಂಪ್ಯಾನ್ ಅಂದರೆ ನಮ್ಮ ಆರ್‌ಆರ್ ನಂಬರಿನ ದಾಯಾದಿ. ‘ಎಸ್’ ಅಕ್ಷರದ ಪಕ್ಕದ ಚೌಕಗಳಲ್ಲಿರುತ್ತದೆ, ಕೆಳಸಾಲಿನ 13 ಅಂಕಿಗಳೇ ಮುಖ್ಯ. ಮೇಲುಸಾಲಿನ ಶುರುವಿನಲ್ಲಿ 01 ಇದ್ದರೆ ಮಾಮೂಲಿ, 02 ಇದ್ದರೆ ಎಕಾನಮಿ 7 ಎನ್ನುತ್ತಾರೆ. ಬಿಲ್ಲನ್ನೇ ನಂಬಿ ಕೂರಬೇಡಿ, ಹೋಗಿ ಮೀಟರ್ ನೋಡಿ.

ಈಗ ಎಲ್ಲರೂ ಎಡವುವ ಜಾಗ: ಎರಡರಲ್ಲಿ ಹಗಲಿನದು ಯಾವುದು, ರಾತ್ರಿಯದು ಯಾವುದು? ಕೆಲವು ಮೀಟರುಗಳಲ್ಲಿ ‘ಲೋ’, ‘ನಾರ್ಮಲ್’ ಎಂದು ಬರೆದಿರುತ್ತದೆ. ಲೋ ಅಂದರೆ ಅಗ್ಗದ್ದು, ರಾತ್ರಿಯದು. ‘ರೇಟ್ 1’, ‘ರೇಟ್ 2’ ಎಂದಿದ್ದರೆ ಊಹಿಸಲು ಹೋಗಬೇಡಿ. ಒಂದು ಮೀಟರಿನಲ್ಲಿ 1 ರಾತ್ರಿಯದು, ಇನ್ನೊಂದರಲ್ಲಿ ಹಗಲಿನದು. ಹೀಗೆ ಮಾಡಿ. ಬೆಳಗ್ಗೆ ಹನ್ನೊಂದಕ್ಕೆ ಎರಡೂ ಅಂಕಿ ಬರೆದುಕೊಳ್ಳಿ. ಮಧ್ಯಾಹ್ನದೊಳಗೆ ಬಟ್ಟೆ ಒಗೆಯಿರಿ, ಕರೆಂಟ್ ಒಲೆಯಲ್ಲಿ ಅಡುಗೆ ಮಾಡಿ. ಮೂರು ಕಿಲೋವಾಟಿನ ಕೆಟಲ್ ಇಪ್ಪತ್ತು ನಿಮಿಷ ಕುದಿದರೆ ತಾನೇ ಒಂದು ಯೂನಿಟ್, ಹಾಗಾಗಿ ಒಂದು ಲೋಟ ಚಹಾಕ್ಕೆಲ್ಲ ಅಂಕಿ ಅಲುಗಾಡುವುದಿಲ್ಲ. ಮೂರು ಗಂಟೆಗೆ ಮತ್ತೆ ನೋಡಿ, ಏರಿದ್ದು ಹಗಲಿನದು. ಮಲಗುವ ಮುನ್ನ ಒಮ್ಮೆ, ಎದ್ದ ಮೇಲೆ ಒಮ್ಮೆ ಬರೆದರೆ ರಾತ್ರಿಯದೂ ಖಚಿತ. ಬೇಸಿಗೆಯಲ್ಲಾದರೆ ಇನ್ನೊಂದು ಕಿರಿಕ್. ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಹಳೆಯ ಮೀಟರುಗಳು ಹೋಗುವುದಿಲ್ಲ. ಚಳಿಗಾಲದಲ್ಲಿ ಹನ್ನೆರಡೂವರೆಗೆ ಶುರುವಾಗುತ್ತಿದ್ದ ಅಗ್ಗದ ಹೊತ್ತು ಬೇಸಿಗೆಯಲ್ಲಿ ಒಂದೂವರೆಗೆ. ಏಳು ಗಂಟೆಗಳು ಯಾವಾಗ ಎಂಬುದೂ ಊರಿಂದ ಊರಿಗೆ ಬೇರೆ.

ಇಷ್ಟೇಕೆ ಹೇಳುತ್ತೇನೆಂದರೆ, ಬದಲಾವಣೆಯ ದಿನ ಹೊಸ ಕಂಪನಿಗೆ ಕೊಡುವ ಅಂಕಿಯೇ ಹಳೆಯ ಕಂಪನಿಯ ಕೊನೆಯ ಅಂಕಿಯೂ ಆಗುತ್ತದೆ. ಹಗಲು 48,210, ರಾತ್ರಿ 31,975 ಇದೆ ಅಂದುಕೊಳ್ಳಿ. ಅದಲುಬದಲು ಬರೆದಿರೋ, ರಾತ್ರಿಯ ಲೆಕ್ಕ ಒಂದೇ ಏಟಿಗೆ ಹದಿನಾರು ಸಾವಿರ ಯೂನಿಟ್ ಹಾರುತ್ತದೆ, ಹಗಲಿನದು ಅಷ್ಟೇ ಹಿಂದಕ್ಕೆ ಓಡುತ್ತದೆ. ಎರಡೂ ಕಂಪನಿಗಳ ಬಿಲ್ಲು ಕೆಡುತ್ತದೆ, ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ನನ್ನ ಮನೆಯಲ್ಲಿ ಆದದ್ದು ಇದೇ. ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟಿದ್ದರಿಂದ ಬಚಾವಾದೆ.

ಆರ್‌ಟಿಎಸ್ ಇದ್ದವರು ಮೊದಲು ಮೀಟರ್ ಬದಲಿಸಿ, ಆಮೇಲೆ ಕಂಪನಿ. ಈ ಮಾತಿನಲ್ಲಿ ರಾಜಿ ಇಲ್ಲ. ಆ ಡಬ್ಬಿ ಕೇಳುತ್ತಿದ್ದದ್ದು ಬಿಬಿಸಿ ರೇಡಿಯೋ 4ರ 198 ಕಿಲೋಹರ್ಟ್ಸ್ ಲಾಂಗ್ ವೇವ್ ಮೇಲೆ ಬರುತ್ತಿದ್ದ ಸಂಕೇತವನ್ನು. 2025ರ ಜೂನ್ 30ರಿಂದ ಪ್ರದೇಶವಾರು ಅದನ್ನು ನಿಲ್ಲಿಸುತ್ತ ಬಂದಿದ್ದಾರೆ. ಸಂಕೇತ ನಿಂತರೆ ಹೀಟರ್ ಇಡೀ ದಿನ ಉರಿಯಬಹುದು, ಅಥವಾ ಹೊತ್ತಿಕೊಳ್ಳದೆಯೇ ಇರಬಹುದು. ಈಗಿನ ಕಂಪನಿಗೇ ಫೋನ್ ಮಾಡಿ, ‘ಹೀಟರಿಗೆ ಬೇರೆ ಲೈನ್ ಇದೆ’ ಎಂದು ಮೊದಲೇ ಒತ್ತಿ ಹೇಳಿ. ಹೇಳದಿದ್ದರೆ ಬಂದವರು ಸಾದಾ ಮೀಟರ್ ಹಿಡಿದು ಬಂದು, ತಲೆ ಕೆರೆದುಕೊಂಡು ವಾಪಸ್ ಹೋಗುತ್ತಾರೆ.

ದರ ಹೋಲಿಸುವಾಗ ವೆಬ್‌ಸೈಟುಗಳನ್ನು ನಾನು ನಂಬುವುದಿಲ್ಲ. ರಾತ್ರಿ ಇಷ್ಟು, ಹಗಲು ಇಷ್ಟು ಎಂದು ಅವೇ ಅಂದಾಜು ಹಾಕಿಬಿಡುತ್ತವೆ. ಕಳೆದ ವರ್ಷದ ಬಿಲ್ಲು ಹಿಡಿದು ಕಾಗದದ ಮೇಲೆ ಗುಣಿಸಿ, ಬಳಸಿದರೂ ಬಿಟ್ಟರೂ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜ್ ಸೇರಿಸಿ. ಒಟ್ಟು ಬಳಕೆಯಲ್ಲಿ ರಾತ್ರಿಯ ಪಾಲು ನೂರಕ್ಕೆ ನಲವತ್ತರ ಹತ್ತಿರವೂ ಇಲ್ಲದಿದ್ದರೆ ಎರಡು ದರದ ಗೊಡವೆಯೇ ಬೇಡ, ಒಂದೇ ದರಕ್ಕೆ ಹೋಗಿ. ಎಕಾನಮಿ 7ಕ್ಕಿಂತಲೂ ವಿಚಿತ್ರವಾದ ಮೀಟರ್ (ಎರಡು ಎಂಪ್ಯಾನಿನಂಥದ್ದು) ಇದ್ದವರು ಗಮನಿಸಿ: ಮೀಟರ್ ತೆಗೆಸಿದರೆ ಮಾತ್ರ ಒಂದೇ ದರ ಕೊಡುತ್ತೇವೆ ಎಂದು ದೊಡ್ಡ ಕಂಪನಿಗಳು ಹೇಳುವಂತಿಲ್ಲ. ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರದ 2016ರ ಆದೇಶವಿದೆ.

ಹೊಸ ಕಂಪನಿಗೆ ಫೋನ್ ಮಾಡಿಯೇ ಸೇರಿ. ಎರಡು ಎಂಪ್ಯಾನ್ ಇದ್ದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೀರಾ, ನನ್ನ ಮೀಟರಿನ ಅಗ್ಗದ ಹೊತ್ತು ಯಾವುದು ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ನಿಗದಿತ ದರದ ಒಪ್ಪಂದ ಮುಗಿಯಲು 49 ದಿನದೊಳಗಿದ್ದರೆ ಬಿಟ್ಟುಹೋಗುವ ಶುಲ್ಕವಿಲ್ಲ. ಮನಸ್ಸು ಬದಲಾದರೆ 14 ದಿನ ಗಡುವು. ಬದಲಾವಣೆಗೆ ಈಗ ಸಾಮಾನ್ಯವಾಗಿ ಐದು ಕೆಲಸದ ದಿನ ಸಾಕು. ಹಳೆಯ ಡೈರೆಕ್ಟ್ ಡೆಬಿಟ್ ಮಾತ್ರ ಕೊನೆಯ ಬಿಲ್ಲು ಬರುವ ತನಕ ನಿಲ್ಲಿಸಬೇಡಿ.

ಮೊದಲ ಬಿಲ್ಲು ಬಂದಾಗ ಮೊತ್ತ ಆಮೇಲೆ ನೋಡಿ, ಮೊದಲು ನಿಮ್ಮ ಫೋಟೊ ಪಕ್ಕಕ್ಕಿಟ್ಟು ಎರಡೂ ಅಂಕಿ ತಾಳೆ ಹಾಕಿ. ಅದಲುಬದಲಾಗಿದ್ದರೆ ಅಂದೇ ಲಿಖಿತ ದೂರು ಕೊಟ್ಟು ದಿನಾಂಕ ಗುರುತು ಹಾಕಿಕೊಳ್ಳಿ. ಎಂಟು ವಾರವಾದರೂ ಸರಿಪಡಿಸದಿದ್ದರೆ ಗ್ರಾಹಕರ ದೂರು ಬಗೆಹರಿಸುವ ಎನರ್ಜಿ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಅಲ್ಲಿ ಕಾಸು ಕೇಳುವುದಿಲ್ಲ.