ಬಾನೆಟ್ ಒಳಗೆ ಸೇರಿದ ಇಲಿಯನ್ನು ನಾನು ಓಡಿಸಿದ ಬಗೆ

ಮಳೆಗಾಲ ಶುರುವಾದರೆ ನಮ್ಮ ಪುತ್ತೂರು ಕಡೆ ತೋಟದ ಬಿಲಗಳಿಗೆಲ್ಲ ನೀರು ನುಗ್ಗುತ್ತದೆ. ಇಲಿಗಳು ಒಣ ಜಾಗ ಹುಡುಕಿಕೊಂಡು ಬರುತ್ತವೆ. ಆಗಷ್ಟೇ ತಂದು ನಿಲ್ಲಿಸಿದ ಕಾರಿನ ಇಂಜಿನ್ ಬೆಚ್ಚಗಿರುತ್ತದೆ, ಒಳಗೆ ಕತ್ತಲೆ ಬೇರೆ. ಇನ್ನೇನು ಬೇಕು ಅಲ್ವಾ? ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯುತ್ತಿರಬೇಕು. ನನ್ನ ಕಾರಲ್ಲಿ ಮೊದಲು ವೈಪರ್‌ಗೆ ನೀರು ಹೋಗುವ ಪೈಪು ಹೋಯಿತು, ಆಮೇಲೆ ಒಂದು ಸೆನ್ಸರ್ ವೈರು. ಚೆಕ್ ಇಂಜಿನ್ ದೀಪ ಹತ್ತಿತು. ಮೆಕ್ಯಾನಿಕ್ ವೈರು ಜೋಡಿಸಿ, "ಇಲಿಯನ್ನ ಮಾತ್ರ ನೀವೇ ನೋಡ್ಕೊಳ್ಳಿ" ಎಂದರು.

ಅದು ಬರುವ ದಾರಿ ಗೊತ್ತಾಗಬೇಕಿತ್ತು. ರಾತ್ರಿ ನಾಲ್ಕೂ ಚಕ್ರದ ಸುತ್ತ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಬೆಳಿಗ್ಗೆ ಎಡಗಡೆಯ ಮುಂದಿನ ಟೈರಿನ ಹತ್ತಿರ ಪುಟ್ಟ ಪುಟ್ಟ ಹೆಜ್ಜೆಗಳು, ನಡುವೆ ಬಾಲ ಎಳೆದ ಗೆರೆ. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಶೆಡ್ಡಿನ ಮೂಲೆಯ ಕೋಳಿ ಫೀಡಿನ ಚೀಲ! ಊಟ ಅಲ್ಲಿ, ನಿದ್ದೆ ಇಲ್ಲಿ. ಫೀಡನ್ನು ಮುಚ್ಚಳದ ತಗಡಿನ ಡ್ರಮ್ಮಿಗೆ ತುಂಬಿಸಿದೆ. ಗೋಡೆಗೆ ಒರಗಿಸಿದ್ದ ಸೋಗೆ, ಹಳೆ ಗೋಣಿ ಎಲ್ಲ ಹೊರಗೆ ಹಾಕಿದೆ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇಷ್ಟೇ.

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಕ್ಲೀನಿಂಗಿಗೆ ಇಳಿದೆ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಬೇಕೇ ಬೇಕು. ಇಲಿಜ್ವರ ಬರುವುದು ಇಲಿಯ ಮೂತ್ರದಿಂದ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸದೆ, ಫಿನಾಯಿಲ್ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದೆ. ವೈಪರ್ ಕೆಳಗೆ ಎಸಿಗೆ ಗಾಳಿ ಎಳೆಯುವ ಬಾಯಿ ಇದೆ. ಅದಕ್ಕೆ ಕಾಲಿಂಚಿನ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿದೆ. ರೇಡಿಯೇಟರ್ ಮುಂದೆ ಇಂಥದ್ದು ಕಟ್ಟಲು ಹೋಗಬೇಡಿ, ಗಾಳಿ ಕಮ್ಮಿಯಾಗಿ ಇಂಜಿನ್ ಬಿಸಿಯಾಗುತ್ತದೆ. ಕಡಿದಿದ್ದ ಜಾಗದ ವೈರಿಗೆ ಖಾರ ಬೆರೆಸಿದ ಟೇಪು ಸುತ್ತಿದೆ. ಹೋಂಡಾದವರು ಇಂಥ ಟೇಪನ್ನೇ ಮಾರುತ್ತಾರೆ. ಬೆಲ್ಟು, ಫ್ಯಾನು, ಸೈಲೆನ್ಸರ್ ಪೈಪಿನ ಹತ್ತಿರ ಮಾತ್ರ ಏನನ್ನೂ ಕಟ್ಟಲಿಲ್ಲ.

ಹೊಗೆಸೊಪ್ಪು ನೇತುಹಾಕಿದ್ದೂ ಉಂಟು. ಘಾಟು ಇರುವಷ್ಟು ದಿನ ಪರವಾಗಿಲ್ಲ. ನುಸಿಗುಳಿಗೆ ನನಗೆ ಹಿಡಿಸಲಿಲ್ಲ, ಆ ವಾಸನೆ ಎಸಿ ಮೂಲಕ ನಮ್ಮ ಮೂಗಿಗೇ ಬರುತ್ತದೆ. ಶಬ್ದ ಮಾಡುವ ಮಷೀನಿಗೆ ಇಲಿಗಳು ಬೇಗ ಒಗ್ಗಿಕೊಳ್ಳುತ್ತವೆ, ಸುಮ್ನೆ ದುಡ್ಡು ದಂಡ. ವಿಷ ಅಂತೂ ಬೇಡವೇ ಬೇಡ. ವಿಷ ತಿಂದ ಇಲಿಯನ್ನು ಬೆಕ್ಕೋ ಗೂಬೆಯೋ ತಿಂದರೆ ಅದೂ ಸಾಯಬಹುದು. ಇಲಿ ಎಸಿ ಬ್ಲೋವರ್ ಒಳಗೇ ಸತ್ತರಂತೂ ನಾತ ಕೇಳುವುದೇ ಬೇಡ. ನಾನು ಬೋನಿಗೆ ಸುಟ್ಟ ಕೊಬ್ಬರಿ ಸಿಕ್ಕಿಸಿ ಶೆಡ್ಡಿನಲ್ಲಿಟ್ಟೆ. ಒಮ್ಮೆ ಉದ್ದ ಮೂತಿಯ ಮೂಗಿಲಿ ಬಿತ್ತು, ಬಿಟ್ಟುಬಿಟ್ಟೆ. ಪಾಪ, ಅದು ಹುಳಹುಪ್ಪಟೆ ತಿನ್ನುವ ಜೀವ.

ಕಾರು ಸುಮಾರು ದಿನ ನಿಂತೇ ಇರುವುದಾದರೆ ಬಾನೆಟ್ ಎತ್ತಿಟ್ಟು, ಶೆಡ್ಡಿನ ಬಲ್ಬು ಉರಿಸುತ್ತೇನೆ. ಬಾನೆಟ್ ಅಡಿಯಲ್ಲೇ ಲೈಟಿರುವ ಕಾರಾದರೆ ಅದನ್ನು ಕಳಚಿಡಿ, ಇಲ್ಲದಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ.