ಮಳೆಗಾಲದಲ್ಲಿ ವಿರಾಜಪೇಟೆಯಿಂದ ನೇಮ್ ಸರ್ವರ್ ನೋಡಿಕೊಳ್ಳುವುದು: ನನ್ನ ಅನುಭವ

ನಾನಿರುವುದು ವಿರಾಜಪೇಟೆ ಹತ್ತಿರ. ನಾನು ನೋಡಿಕೊಳ್ಳುವ ನೇಮ್ ಸರ್ವರ್‌ಗಳು, ಅಂದರೆ ಸೈಟಿನ ಹೆಸರು ಕೇಳಿದರೆ ಅದರ ಇಂಟರ್ನೆಟ್ ವಿಳಾಸ ಹೇಳುವ ಕಂಪ್ಯೂಟರ್‌ಗಳು, ಇರುವುದು ಬೆಂಗಳೂರಿನಲ್ಲಿ. ಸುತ್ತಮುತ್ತಲಿನ ಹೋಂಸ್ಟೇಗಳು, ಕಾಫಿ ಪುಡಿ, ಜೇನು, ಕಾಳುಮೆಣಸು ಮಾರುವವರ ಡೊಮೇನ್‌ಗಳು ಅದರಲ್ಲಿವೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಕೂಡ ಸುಸ್ತಾಗುತ್ತದೆ. ಉಳಿದ ಚೂರುಪಾರು ಸಿಗ್ನಲ್‌ನಲ್ಲಿ ಬ್ರೌಸರ್ ಪ್ಯಾನೆಲ್ ತೆರೆದುಕೊಳ್ಳುವುದೇ ಇಲ್ಲ. ಕಮಾಂಡ್ ಮಾತ್ರ ಹೇಗೋ ದಾಟಿಬಿಡುತ್ತದೆ. ಅದಕ್ಕೇ ನಾನು ಬೈಂಡ್ 9 (ನೇಮ್ ಸರ್ವರ್ ನಡೆಸುವ ಸಾಫ್ಟ್‌ವೇರ್) ಜೊತೆಗೆ ಬರುವ ಆರ್‌ಎನ್‌ಡಿಸಿಯನ್ನು, ಅಂದರೆ ದೂರದಿಂದ ಅದಕ್ಕೆ ಕಮಾಂಡ್ ಕೊಡುವ ಸಾಧನವನ್ನು, ನೆಚ್ಚಿಕೊಂಡಿದ್ದೇನೆ.

ಶುರು ಮಾಡುವುದು ಸುಲಭ. 'ಆರ್‌ಎನ್‌ಡಿಸಿ-ಕಾನ್ಫ್‌ಜೆನ್' ಓಡಿಸಿದರೆ ಒಂದು ಗುಟ್ಟಿನ ಕೀ ಸಿಗುತ್ತದೆ. ಅದೇ ಕೀ ಸರ್ವರ್‌ನಲ್ಲೂ ಇರಬೇಕು, ನನ್ನ ಲ್ಯಾಪ್‌ಟಾಪ್‌ನಲ್ಲೂ ಇರಬೇಕು. ಸರ್ವರ್‌ನ 'ನೇಮ್ಡ್.ಕಾನ್ಫ್' ಫೈಲ್‌ನಲ್ಲಿ 'ಕಂಟ್ರೋಲ್ಸ್' ಅನ್ನುವ ಭಾಗ ಬರೆದು, ಯಾವ ವಿಳಾಸದಲ್ಲಿ ಕೇಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ಕೀ ಒಪ್ಪಬೇಕು ಅಂತ ಹೇಳಬೇಕು. ಕಮಾಂಡ್ ಒಳಬರುವ ಬಾಗಿಲು ಸಾಮಾನ್ಯವಾಗಿ ಟಿಸಿಪಿ ಪೋರ್ಟ್ 953.

ಆದರೆ ಆ ಪೋರ್ಟನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡಬೇಡಿ. ಕೀ ಇದೆಯಲ್ಲ, ಸಾಕಲ್ವಾ ಅಂತ ತುಂಬ ಜನ ಕೇಳುತ್ತಾರೆ. ಕಮಾಂಡ್ ಕಳಿಸಿದ್ದು ನಾನೇ ಅಂತ ಆ ಕೀ ಸಾಬೀತು ಮಾಡುತ್ತದೆ, ಅಷ್ಟೇ. ಕಳಿಸಿದ್ದನ್ನು ಅದು ಮುಚ್ಚಿಡುವುದಿಲ್ಲ. ದಾರಿಯಲ್ಲಿ ಕೂತವರು ಎಲ್ಲವನ್ನೂ ಓದಬಹುದು. ನಾನು ವೈರ್‌ಗಾರ್ಡ್ (ಕಳಿಸಿದ್ದನ್ನೆಲ್ಲ ಗುಟ್ಟಾಗಿಸಿ ಸಾಗಿಸುವ ವಿಪಿಎನ್) ಹಾಕಿ, 953 ಅನ್ನು ಅದರ ಒಳಗಿನ ವಿಳಾಸಕ್ಕೆ ಮಾತ್ರ ಕಟ್ಟಿದ್ದೇನೆ. ನಮ್ಮ ಕಡೆಗೆ ಇದು ಹೇಳಿ ಮಾಡಿಸಿದಂತಿದೆ. ನೆಟ್ ಹೋಗಿ ಬಂದರೂ, ವೈಫೈ ಬಿಟ್ಟು ಫೋನ್ ಡೇಟಾಗೆ ಹೋದರೂ, ಸಂಪರ್ಕ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ.

ದಿನನಿತ್ಯದ ಕೆಲಸ ಹೀಗೆ. ಒಂದು ಡೊಮೇನ್‌ನ ಹೆಸರು-ವಿಳಾಸಗಳ ಪಟ್ಟಿಯೇ ಝೋನ್ ಫೈಲ್. ಅದನ್ನು ಆರ್‌ಎನ್‌ಡಿಸಿ ಹೊತ್ತೊಯ್ಯುವುದಿಲ್ಲ, ಫೈಲ್ ಸಾಗಿಸುವ ಆರ್‌ಸಿಂಕ್‌ನಲ್ಲಿ ಕಳಿಸುತ್ತೇನೆ. ಕಳಿಸುವ ಮೊದಲು ಇಲ್ಲೇ 'ನೇಮ್ಡ್-ಚೆಕ್‌ಝೋನ್' ಓಡಿಸಿ, ಫೈಲ್‌ನಲ್ಲಿ ತಪ್ಪಿದೆಯಾ, ಪ್ರತಿ ಬದಲಾವಣೆಗೂ ಏರಿಸಬೇಕಾದ ಸೀರಿಯಲ್ ನಂಬರ್ ಏರಿದೆಯಾ ಅಂತ ನೋಡುತ್ತೇನೆ. ಅದು ಏರದಿದ್ದರೆ ಸೆಕೆಂಡರಿ ಸರ್ವರ್ (ಇದರ ಪ್ರತಿ ಇಟ್ಟುಕೊಳ್ಳುವ ಎರಡನೇ ಸರ್ವರ್) ಹಳೆಯದನ್ನೇ ಹಿಡಿದು ಕೂರುತ್ತದೆ. ಆಮೇಲೆ 'ಆರ್‌ಎನ್‌ಡಿಸಿ ರಿಲೋಡ್', ಮುಂದೆ ಆ ಒಂದು ಝೋನ್‌ನ ಹೆಸರು. ಹೆಸರು ಕೊಡದೆ ಬರೀ ರಿಲೋಡ್ ಅಂದರೆ ಕಾನ್ಫಿಗರೇಶನ್ ಮತ್ತು ಎಲ್ಲ ಝೋನ್‌ಗಳೂ ಮತ್ತೆ ಲೋಡ್ ಆಗುತ್ತವೆ. ಒಂದು ಹೋಂಸ್ಟೇ ವಿಳಾಸ ಬದಲಿಸಲು ಅಷ್ಟೆಲ್ಲ ಯಾಕೆ?

'ಝೋನ್ ರಿಲೋಡ್ ಕ್ಯೂಡ್' ಅಂತ ಉತ್ತರ ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳಬಾರದು. ಸರದಿಗೆ ಸೇರಿದೆ ಅಂತ ಅಷ್ಟೇ ಅದರ ಅರ್ಥ. 'ಆರ್‌ಎನ್‌ಡಿಸಿ ಝೋನ್‌ಸ್ಟೇಟಸ್' ಹಾಕಿ ಹೊಸ ಸೀರಿಯಲ್ ಕಣ್ಣಿಗೆ ಕಂಡ ಮೇಲೇ ನಾನು ಏಳುವುದು. ಉತ್ತರ ಬರುವ ಮುಂಚೆ ನೆಟ್ ಕಡಿದರೂ ಗಾಬರಿ ಬೇಡ. ಕಮಾಂಡ್ ತಲುಪಿರಲೂಬಹುದು. ರಿಲೋಡ್ ಅನ್ನು ಇನ್ನೊಮ್ಮೆ ಕೊಟ್ಟರೆ ಏನೂ ಕೆಡುವುದಿಲ್ಲ.

ಎಚ್ಚರ ಬೇಕಾದದ್ದು 'ಫ್ರೀಜ್' (ಅಪ್‌ಡೇಟ್ ತಡೆಹಿಡಿ) ಮತ್ತು 'ಥಾ' (ಮತ್ತೆ ಬಿಡು) ಜೋಡಿಯ ಬಗ್ಗೆ. ತಾನೇ ಅಪ್‌ಡೇಟ್ ಆಗುತ್ತಿರುವ ಡೈನಾಮಿಕ್ ಝೋನ್ ಫೈಲನ್ನು ಕೈಯಿಂದ ತಿದ್ದಬೇಕಾದರೆ ಮೊದಲು ಫ್ರೀಜ್, ತಿದ್ದಿದ ಮೇಲೆ ಥಾ. ಇವೆರಡರ ನಡುವೆ ನೆಟ್ ಹೋದರೆ ಝೋನ್ ಹಾಗೇ ನಿಂತಿರುತ್ತದೆ. ಹೊರಗಿನವರ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಅಪ್‌ಡೇಟ್ ಮಾತ್ರ ಒಳಗೆ ಹೋಗದು. ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ ಈ ವ್ಯವಸ್ಥೆ) ಮೂಲಕ ಸೈಟಿನ ಭದ್ರತಾ ಸರ್ಟಿಫಿಕೇಟ್ ನವೀಕರಿಸುವವರಿಗೆ ಇದು ದೊಡ್ಡ ತಲೆನೋವು. ಮಳೆಗಾಲದಲ್ಲಿ ನಾನು ಈ ಕೆಲಸವನ್ನು ದೂರದಿಂದ ಬಿಡಿಬಿಡಿಯಾಗಿ ಮಾಡುವುದೇ ಇಲ್ಲ. ಎಸ್‌ಎಸ್‌ಎಚ್‌ನಲ್ಲಿ (ಸುರಕ್ಷಿತ ರಿಮೋಟ್ ಲಾಗಿನ್) ಸರ್ವರ್‌ಗೇ ಹೋಗಿ, ಸಂಪರ್ಕ ಕಡಿದರೂ ಕೆಲಸ ಉಳಿಸಿಕೊಳ್ಳುವ ಟಿಮಕ್ಸ್ ಒಳಗೆ ಮಾಡುತ್ತೇನೆ. ನೆಟ್ ಹೋದರೂ ತಿದ್ದುತ್ತಿದ್ದ ಕೆಲಸ ಅಲ್ಲೇ ಕಾದಿರುತ್ತದೆ. ಒಂದೆರಡು ದಾಖಲೆ ಬದಲಿಸುವುದಾದರೆ, ಫೈಲ್ ಮುಟ್ಟದೆ ಬದಲಾವಣೆ ಕಳಿಸುವ 'ಎನ್‌ಎಸ್‌ಅಪ್‌ಡೇಟ್' ಕಮಾಂಡ್ ಸಾಕು, ಫ್ರೀಜ್ ಬೇಕಾಗಿಯೇ ಇಲ್ಲ.

ಕೊಡಗಿನ ಕರೆಂಟ್‌ಗೆ ಸೇರಿದ ಇನ್ನೊಂದು ವಿಷಯವಿದೆ. ಮನೆಯಲ್ಲಿ ಸದಾ ಆನ್ ಇರಲಿ ಅಂತ ಒಂದು ಹಳೇ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ. ಅದರೊಳಗೆ ಬ್ಯಾಟರಿ ಇರುವ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದಾಗ ಹಳೇ ಸಮಯದಲ್ಲೇ ಏಳುತ್ತದೆ. ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುವ ಮೊದಲೇ ಆರ್‌ಎನ್‌ಡಿಸಿ ಓಡಿಸಿದರೆ ಸರ್ವರ್ ಬಾಗಿಲು ಹಾಕುತ್ತದೆ. ಯಾರೋ ಹಳೇ ಕಮಾಂಡನ್ನು ಕದ್ದು ಮತ್ತೆ ಕಳಿಸಬಾರದು ಅಂತ ಬೈಂಡ್ ಸಮಯವನ್ನೂ ನೋಡುತ್ತದೆ. ಎರಡೂ ಕಡೆಯ ಗಡಿಯಾರ ಕೆಲವೇ ನಿಮಿಷ ಹಿಂದುಮುಂದಾದರೂ ಒಪ್ಪುವುದಿಲ್ಲ. ಆಗ ಬರುವ ಸಂದೇಶದಲ್ಲಿ ಕೀ ತಪ್ಪಿರಬಹುದು, ಅನುಮತಿ ಇಲ್ಲದಿರಬಹುದು, ಗಡಿಯಾರ ಹೊಂದದಿರಬಹುದು ಅಂತ ಹಲವು ಕಾರಣ ಒಟ್ಟಿಗೇ ಇರುತ್ತವೆ. ನಮ್ಮ ಕಡೆ ಮೊದಲು ನೋಡಬೇಕಾದದ್ದು ಗಡಿಯಾರವನ್ನೇ.

ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದಾಗ ಹೋಂಸ್ಟೇಯವರ ಫೋನ್ ಬಂದೇ ಬರುತ್ತದೆ. "ಅಣ್ಣಾ, ನನ್ನ ಫೋನಲ್ಲಿ ಇನ್ನೂ ಹಳೇ ಸೈಟೇ ಬರ್ತಿದೆಯಲ್ಲ?" 'ಆರ್‌ಎನ್‌ಡಿಸಿ ಫ್ಲಶ್‌ನೇಮ್' ನನ್ನ ಸರ್ವರ್‌ನ ನೆನಪನ್ನು ಅಳಿಸಬಹುದು, ಅವರ ಮೊಬೈಲ್ ಕಂಪನಿಯದನ್ನಲ್ಲ. ಅದಕ್ಕೆ ಟಿಟಿಎಲ್, ಅಂದರೆ ಬೇರೆಯವರು ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ, ಮೊದಲೇ ಇಳಿಸಿರಬೇಕು. ಒಂದು ದಿನ ಅಂದರೆ 86400 ಸೆಕೆಂಡ್ ಇದ್ದದ್ದನ್ನು, ಸಾಗಿಸುವುದಕ್ಕೆ ಒಂದು ದಿನಕ್ಕೂ ಮುಂಚೆಯೇ 300ಕ್ಕೆ ತರುತ್ತೇನೆ.

ಈಗ ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗನಿಗೂ ಒಂದು ಕೀ ಕೊಟ್ಟಿದ್ದೇನೆ. ಅವನಿಗೆ ಬೇರೆಯೇ ಪೋರ್ಟ್, ಅದರಲ್ಲಿ 'ರೀಡ್-ಓನ್ಲಿ ಯೆಸ್'. ಬೈಂಡ್ 9.11ರಿಂದ ಈ ಸೌಲಭ್ಯವಿದೆ. ಅವನು ಸ್ಟೇಟಸ್, ಝೋನ್‌ಸ್ಟೇಟಸ್ ನೋಡಬಹುದು, ಸರ್ವರ್ ನಿಲ್ಲಿಸಲಾಗದು. ನಾನು ಸಿಗ್ನಲ್ ಇಲ್ಲದ ಕಡೆ ಹೋದಾಗ ಯಾರಾದರೂ ಕೇಳಿದರೆ, ಸರ್ವರ್ ಸರಿಯಿದೆಯೋ ಇಲ್ಲವೋ ಅಂತ ಅವನೇ ನೋಡಿ ಹೇಳುತ್ತಾನೆ.